ಕುನಿಮಿತ್ಸು ಮಾಸ್ತರರ ಗೇಟು

ಉತ್ತರ ಜಪಾನಿನ ಆ ಹಳ್ಳಿಗೆ ರೈಲು ಬರುವುದು ನಿಂತು ವರ್ಷಗಳೇ ಆಗಿದ್ದವು. ಹಳಿ ಕಿತ್ತ ಜಾಗದಲ್ಲಿ ಹುಲ್ಲು ಎದೆಮಟ್ಟ ಬೆಳೆದಿತ್ತು. ಆದರೂ ಸ್ಟೇಷನ್ ಮಾಸ್ತರ ಕುನಿಮಿತ್ಸು ಮನೆಗೆ ಹೋಗುವಂತಿರಲಿಲ್ಲ. ಮಾಸ್ತರನಾದವನು ಯಾರಿಗೆಲ್ಲ 'ಹೋಗಿ ಬನ್ನಿ' ಅಂದು ಕಳಿಸಿದ್ದಾನೋ, ಅವರೆಲ್ಲ ತಿರುಗಿ ಬರುವ ತನಕ ಅವನ ಕಾಲು ಸ್ಟೇಷನ್ನಿನ ಗೇಟು ದಾಟುವುದಿಲ್ಲ. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಮನೆ ಎದುರಿಗೇ ಇತ್ತು. ಹೆಂಡತಿ ತೋಮಿ ದಿನವೂ ಗೇಟಿನ ಮೇಲಿಂದ ಊಟದ ಡಬ್ಬಿ ಕೊಡುತ್ತಿದ್ದಳು.

ಬರಬೇಕಾಗಿದ್ದವಳು ಇನ್ನು ಚಿಜುರು ಒಬ್ಬಳೇ, ಮದುವೆಯಾಗಿ ದೂರದ ದಕ್ಷಿಣಕ್ಕೆ ಹೋದವಳು. ಇವತ್ತು ಅವಳೂ ಟ್ಯಾಕ್ಸಿಯಲ್ಲಿ ಬಂದಿಳಿದಳು. ತಲೆಯೆಲ್ಲ ಬೆಳ್ಳಗಾಗಿತ್ತು.

"ಬಂದೆ, ಮಾಸ್ತರೇ," ಎಂದು ಪ್ಲಾಟ್‌ಫಾರ್ಮಿನಲ್ಲಿ ಬಾಗಿ ನಮಿಸಿದಳು. "ಈ ಮಂಡಿ ಇಟ್ಕೊಂಡು ಮತ್ತೆ ಇಷ್ಟು ದೂರ ಬರೋಕಾಗಲ್ಲ."

"ಬಂದ್ರಲ್ಲ, ಅಷ್ಟು ಸಾಕು ತಾಯೀ! ಹೊರಡುವಾಗ ಮಾತ್ರ ಅಪ್ಪಿತಪ್ಪಿಯೂ 'ಹೋಗಿ ಬರ್ತೀನಿ' ಅನ್ಬೇಡಿ. ಅಂದ್ರೆ ನನ್ನ ಬಾಯಿ ಸುಮ್ನಿರಲ್ಲ."

ಚಿಜುರು ನಕ್ಕಳು. ಟ್ಯಾಕ್ಸಿ ಹತ್ತಿ, ಅಪಶಕುನ ಅನ್ನಿಸಿದರೂ ಮನಸ್ಸು ಗಟ್ಟಿ ಮಾಡಿಕೊಂಡು, "ಹೋಗ್ತೀನಿ" ಎಂದಷ್ಟೇ ಅಂದಳು.

ಕುನಿಮಿತ್ಸುವಿನ ಬಲಗಾಲು ಗೇಟಿನಾಚೆ ಬಿತ್ತು. ತೋಮಿ ಕೈ ಚಾಚಿದಳು. ಮನೆಯಲ್ಲಿ ಸ್ನಾನಕ್ಕೆ ನೀರು ಕಾದಿತ್ತು.

ಅಷ್ಟರಲ್ಲಿ ಟ್ಯಾಕ್ಸಿ ಉದ್ದಕ್ಕೆ ಹಾರ್ನ್ ಹೊಡೆದು ಹೊರಟಿತು. ಆ ಸದ್ದು ಕೇಳಿದ್ದೇ ತಡ, ಮುದುಕನ ಬೆನ್ನು ನೆಟ್ಟಗಾಯಿತು, ಕೈ ತಾನಾಗಿ ಟೋಪಿಗೆ ಹೋಯಿತು.

"ಹೋಗಿ ಬನ್ನಿ!"

ಒಳಗುಳಿದಿದ್ದ ಎಡಗಾಲು ನೆಲ ಕಚ್ಚಿಕೊಂಡಿತು. ಟ್ಯಾಕ್ಸಿ ಆಗಲೇ ತಿರುವು ದಾಟಿತ್ತು. ತೋಮಿ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡಳು. ಡಬ್ಬಿಗೆ ಅನ್ನ ತುಂಬಲು ಮನೆಯೊಳಗೆ ಹೋದಳು.