ಹಸಿರು ಕಿಟಕಿಯ ಹೂಕುಂಡ

"ಆ ಕೇಸರಿ ಬಣ್ಣದ ಕಟ್ಟಡ ನೋಡು. ಎರಡನೇ ಮಹಡೀಲಿ ಹಸಿರು ಕಿಟಕಿ ಇದೆಯಲ್ಲ, ಅದೇ ನಂದು," ಎಂದು ಎರ್ಸಿಲಿಯಾ ಕಡಲ ದಂಡೆಯ ಬೆಂಚಿನಿಂದ ಕೈಯೆತ್ತಿ ತೋರಿಸಿದಳು. ಟ್ಯೂರಿನ್‌ನಿಂದ ಆಗಷ್ಟೇ ರೈಲಿಳಿದು ಬಂದಿದ್ದ ತಂಗಿ ನಿವೆಸ್ ಕಣ್ಣರಳಿಸಿ ನೋಡಿದಳು.

"ಹಾಗಾದ್ರೆ ನಡಿ, ಹೋಗೋಣ. ಆ ಕಿಟಕಿಯಿಂದ ಸಮುದ್ರ ನೋಡ್ದೆ ನಾನು ವಾಪಸ್ ಹೋಗಲ್ಲ."

"ಈಗೆಲ್ಲಿ ಹೋಗ್ತೀಯ ಮಾರಾಯ್ತಿ. ಬಣ್ಣ ಬಳೀತಿದ್ದಾರೆ, ಮನೆ ತುಂಬ ವಾಸನೆ. ಅದಕ್ಕೇ ನಾನು ಇಸ್ತ್ರಿ ಮಾಡೋ ಹೋಟೆಲಲ್ಲೇ ನಿಂಗೆ ರೂಮು ಹೇಳಿದೀನಿ."

ನಿಜಕ್ಕೂ ಎರ್ಸಿಲಿಯಾಳ ಮನೆ ಇದ್ದದ್ದು ಹಿಂದಿನ ಗಲ್ಲಿಯಲ್ಲಿ. ಮದುವೆಯಾಗಿ ಈ ಊರಿಗೆ ಬಂದ ಹೊಸತರಲ್ಲಿ ಅಮ್ಮ ಫೋನಿನಲ್ಲಿ ಕೇಳುತ್ತಿದ್ದುದು ಒಂದೇ ಮಾತು: ಕಿಟಕಿಯಿಂದ ಸಮುದ್ರ ಕಾಣುತ್ತಾ ಮಗಳೇ? ಮಗಳು ಸುಖವಾಗಿದ್ದಾಳೆ ಎಂದು ನಂಬಲು ಆ ಜೀವಕ್ಕೆ ಅಷ್ಟೇ ಸಾಕಿತ್ತು. ಕಾಣುತ್ತೆ ಅಂದುಬಿಟ್ಟಿದ್ದಳು. ಅಮ್ಮ ತೀರಿಕೊಂಡಳು, ಸುಳ್ಳು ಉಳಿದುಕೊಂಡಿತು. ಅದನ್ನು ಮುಚ್ಚಲು ಪ್ರತಿ ಬೇಸಿಗೆ ಒಂದೊಂದು ನೆಪ ಹೇಳಿ ತಂಗಿಯನ್ನು ದೂರವೇ ಇಟ್ಟಿದ್ದಳು. ಈ ವರ್ಷ ಆ ಕೇಸರಿ ಕಟ್ಟಡಕ್ಕೆ ಸಾರವೆ ಕಟ್ಟಿದ್ದು ಕಂಡು, ಬಣ್ಣದ ನೆಪವೊಂದು ಸಿಕ್ಕಿತಲ್ಲ ಎಂದು ಧೈರ್ಯ ಮಾಡಿ ಕರೆದಿದ್ದಳು. ತಂಗಿಯನ್ನು ನೋಡುವ ಆಸೆ ಅವಳಿಗೂ ಇರುವುದಿಲ್ಲವೇ, ಪಾಪ.

"ಇಲ್ಲೇ ಕೂತಿರು," ಎಂದು ಅವಳು ಬೇಕರಿಗೆ ಹೋದಳು. ಕೂತಲ್ಲಿ ಕೂರುವ ಜಾಯಮಾನ ನಿವೆಸ್‌ಳದಲ್ಲ. ಸೀದಾ ಸಾರವೆಯ ಕೆಳಗೆ ಹೋಗಿ, ಹಸಿರು ಕಿಟಕಿಯ ಮುಂದೆ ಕುಂಚ ಹಿಡಿದು ಕೂತಿದ್ದ ಮುದುಕನನ್ನು ಕರೆದಳು.

"ಏನಪ್ಪಾ, ಆ ಕಿಟಕಿ ಒಂಚೂರು ತೆಗೀತೀಯಾ? ನಮ್ಮಕ್ಕನ ಮನೆ ಅದು."

ಅವನು ಕುಂಚದ ಹಿಡಿಯಿಂದ ಕಿಟಕಿಯನ್ನು ಕುಟ್ಟಿ ತೋರಿಸಿದ. ಕಲ್ಲಿನ ಸದ್ದು ಬಂತು.

"ಎಲ್ಲಿಂದ ತೆಗೀಲಿ ತಾಯಿ? ಬರೀ ಗೋಡೆ ಇದು, ಮೇಲೆ ಕಿಟಕಿ ಬರೆದಿದೀವಿ ಅಷ್ಟೆ. ನಮ್ಮೂರಲ್ಲಿ ಅರ್ಧ ಕಿಟಕಿ ಬಡಗಿದು, ಅರ್ಧ ನಮ್ಮದು. ಗೋಡೆ ಬೋಳುಬೋಳಾಗಿ ಕಾಣಬಾರದು ನೋಡಿ."

ನಿವೆಸ್‌ಗೆ ಮೊದಲು ನಗು ಬಂತು. ಆಮೇಲೆ, ದೊಡ್ಡವಳ ಕಿಟಕಿಯಿಂದ ಸಮುದ್ರ ಕಾಣುತ್ತಂತೆ ಎಂದು ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದ ಅಮ್ಮನ ನೆನಪಾಯಿತು. ಮುದುಕನನ್ನು ಕೆಳಗೆ ಕರೆದು ಮೆಲ್ಲಗೆ ಏನೋ ಕೇಳಿದಳು. ಅವನು ತಲೆ ಕೆರೆದುಕೊಂಡು, "ಆಯ್ತು, ಯಾರಾದ್ರೂ ಕೇಳಿದ್ರೆ ನಿಮ್ಮ ಹೆಸರೇ ಹೇಳ್ತೀನಿ," ಎಂದ.

ಮರುದಿನ ಬೆಳಿಗ್ಗೆ ಅಕ್ಕತಂಗಿಯರು ಅದೇ ಬೆಂಚಿನಲ್ಲಿ ಕೂತು, ಉಪ್ಪು ಫೊಕಾಚಾ ರೊಟ್ಟಿಯನ್ನು ಹಾಲು ಬೆರೆಸಿದ ಕಾಫಿಯಲ್ಲಿ ಅದ್ದಿ ತಿನ್ನುತ್ತಿದ್ದರು. ಎರ್ಸಿಲಿಯಾ ಸುಮ್ಮನೆ ಕತ್ತೆತ್ತಿದವಳು ಅಲ್ಲೇ ದಿಟ್ಟಿ ನೆಟ್ಟಳು. ಹಸಿರು ಕಿಟಕಿಯ ಕಟ್ಟೆಯ ಮೇಲೆ ಕೆಂಪು ಹೂಗಳ ಕುಂಡವೊಂದು ಕೂತಿತ್ತು. ನಿನ್ನೆ ಅದು ಇರಲಿಲ್ಲ; ಹಸಿ ಬಣ್ಣ ಬಿಸಿಲಿಗೆ ಹೊಳೆಯುತ್ತಿತ್ತು. ತಂಗಿಗೆ ಎಲ್ಲ ಗೊತ್ತಾಗಿದೆ ಎಂದು ತಿಳಿದು ಅವಳ ಮುಖ ಬಿಳಿಚಿಕೊಂಡಿತು.

ನಿವೆಸ್ ಸಮುದ್ರದ ಕಡೆಗೇ ನೋಡುತ್ತಾ ಕೇಳಿದಳು: "ಗಿಡಕ್ಕೆ ನೀರು ಹಾಕಿ ಬಂದ್ಯಾ ಅಕ್ಕಾ?"

ಎರ್ಸಿಲಿಯಾ ಅಂಗೈಯಿಂದಲೇ ಕಣ್ಣೊರೆಸಿಕೊಂಡಳು.

"ಹಾಕ್ದೆ. ಏಳು, ಮಧ್ಯಾಹ್ನ ನಮ್ಮನೇಲೇ ಊಟ. ಹಿಂದಿನ ಗಲ್ಲಿ. ಕಿಟಕೀಲಿ ಎದುರುಮನೆಯವರು ಒಣಹಾಕಿದ ಚಾದರ ಬಿಟ್ರೆ ಏನೂ ಕಾಣಲ್ಲ. ಆದ್ರೆ ಆ ಕಿಟಕೀನ ತೆಗೀಬಹುದು."