ದ್ಯಾಮವ್ವನ ಮೂರನೇ ಪ್ರೂಫ್

"ಹಡೆದವ್ವಗ ಎಷ್ಟು ಬೆರಳು ಅನ್ನೂದೂ ಗೊತ್ತಿಲ್ಲೇನಲೇ ಯಮನೂರ?" ಪರಿಶೀಲಕನ ಮಾತಿಗೆ ಸಾಲಿನಲ್ಲಿದ್ದವರೆಲ್ಲ ಕಿಸಕ್ಕನೆ ನಕ್ಕರು.

ಸತ್ತವರನ್ನು ಒಂದು ತಾಸಿನ ಮಟ್ಟಿಗೆ ಮರಳಿಸುವ ಕಚೇರಿ ಅದು. ತಮ್ಮವರು ಹೇಗಿದ್ದರೆಂಬ ಪ್ರೂಫನ್ನು, ಅಂದರೆ ಮೈಯ ಕರಡನ್ನು, ಅರ್ಜಿದಾರರೇ ಅಪ್‌ಲೋಡ್ ಮಾಡಬಹುದೆಂದು ಈ ವರ್ಷ ದೊಡ್ಡ ಮನಸ್ಸು ಮಾಡಿತ್ತು. ತಿದ್ದುವ ಹಕ್ಕು ಮಾತ್ರ, ಯಮನೂರನ ಅವ್ವ ದ್ಯಾಮವ್ವನನ್ನು ಕನಸಿನಲ್ಲೂ ಕಾಣದ ಈ ಕುರ್ಚಿಹುಳದ್ದು.

ಹತ್ತಿ ಗಿರಣಿ ನುಂಗಿದ ಅವ್ವನ ಎರಡು ಬೆರಳುಗಳನ್ನು ಯಮನೂರ ಪ್ರತಿ ಸಲವೂ ಬಿಟ್ಟೇ ಕಳಿಸಿದ್ದ. ಪ್ರತಿ ಸಲವೂ ಈ ಪರಿಶೀಲಕ ಅವನ್ನು ಅಂಟಿಸಿ ಪ್ರೂಫ್ ಮರಳಿಸಿದ್ದ. ಇದು ಮೂರನೆಯದು, ನಿಯಮದಂತೆ ಇದೇ ಕೊನೆಯದು.

"ಗಿರಣ್ಯಾಗ ಹೋದ್ವು ಸಾಹೇಬ್ರ. ಆ ಮೋಟುಗೈಲೇ ತುತ್ತು ಮಾಡಿ ಉಣಿಸ್ಯಾಳ ನನಗ."

"ಗಿರಣಿ ದಾಖಲೆದಾಗ ಅಪಘಾತನ ಇಲ್ಲ. ಒಪ್ಪಿದ್ರ ಹೆಬ್ಬೆಟ್ಟು ಒತ್ತು, ಇಲ್ಲಂದ್ರ ಅರ್ಜಿ ಸತ್ತಂಗ. ನೋಡಲ್ಲಿ, ನಮ್ಮ ಕೈಯಾಗ ನಿಮ್ಮವ್ವ ಎಷ್ಟು ಚಂದ ಆಗ್ಯಾಳ!"

ಗಾಜಿನಾಚೆ, ಒಪ್ಪಿಗೆಗೆಂದು ತೋರಿಸುವ ಪ್ರೂಫಿನ ದ್ಯಾಮವ್ವ ಎದ್ದು ಕುಳಿತಳು. ಗಾಯವನ್ನೇ ಕಾಣದ ಐದು ಬೆರಳುಗಳನ್ನು ಚಾಚಿ, "ಯಮನೂರಾ, ಉಂಡೇನಪಾ?" ಎಂದಳು.

ಯಮನೂರ ಆ ಕೈಯನ್ನೊಮ್ಮೆ ನೋಡಿದ. ಗಿರಣಿಯವರ ಸುಳ್ಳು ಅವ್ವನ ಮೈಮೇಲೇ ಬೆಳೆದು ನಿಂತಿತ್ತು. ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಂಡು ಬಾಗಿಲು ದಾಟಿ ನಡೆದ.