ಎಪ್ಪತ್ತು ತುಂಬದವರು

"ಮಗಳು ನಿಮಗಿಂತ ಇಪ್ಪತ್ತು ವರ್ಷ ದೊಡ್ಡವಳು ಅಂತ ಬರೆದವ್ರಲ್ಲ ಅಜ್ಜಿ! ಅರವತ್ತು ವರ್ಷದಿಂದ ಒಬ್ರೂ ನೋಡ್ಲಿಲ್ವಾ?" ಗೌತಮಿ ಎರಡೂ ಕಾರ್ಡುಗಳನ್ನು ಮೇಜಿನ ಮೇಲೆ ಕುಕ್ಕಿದಳು. ಪಿರಿಯಾಪಟ್ಟಣದ ಕಡೆಯ ಟಿಬೆಟನ್ ಕ್ಯಾಂಪಿನ ವೃದ್ಧಾಶ್ರಮಕ್ಕೆ ಅವಳೇ ಮೇಲ್ವಿಚಾರಕಿ. ಎದುರು ನಿಂತಿದ್ದ ಈ ಇಬ್ಬರು ನಿರಾಶ್ರಿತರಾಗಿ ಬಂದಿಳಿದ ದಿನ ಯಾವನೋ ಪುಣ್ಯಾತ್ಮ ತಾಯಿ ಮಗಳ ಹುಟ್ಟಿದ ವರ್ಷ ಅದಲುಬದಲು ಬರೆದಿದ್ದ. ಕಾರ್ಡಿನ ಪ್ರಕಾರ ಮಗಳು ಪೇಮಾಗೆ ಎಂಬತ್ತೊಂಬತ್ತು, ತಾಯಿ ಯಾಂಗ್ಚೆನ್‌ಗೆ ಅರವತ್ತೊಂಬತ್ತು. ಎಪ್ಪತ್ತು ತುಂಬದವರಿಗೆ ಇಲ್ಲಿ ಮಂಚ ಕೊಡುವಂತಿಲ್ಲ.

"ಹೋಗ್ಲಿ, ನಾನು ಕಾರ್ಡು ನೋಡೇ ಇಲ್ಲ ಅಂದ್ಕೋತೀನಿ. ಇಬ್ರೂ ಬನ್ನಿ."

"ಬ್ಯಾಡ ಕಣವ್ವ," ಅಂದಳು ಯಾಂಗ್ಚೆನ್. ಕಾಡು ಕಡಿದು ಈ ಆಶ್ರಮ ಕಟ್ಟಿದಾಗ ಆ ನಿಯಮಕ್ಕೆ ಹೆಬ್ಬೆಟ್ಟು ಒತ್ತಿದವರಲ್ಲಿ ಅವಳೂ ಒಬ್ಬಳು. "ನಾವೇ ಮಾಡಿದ ರೂಲು. ನಾವೇ ಮುರ್ಯಕ್ಕಾಯ್ತದಾ?"

ಗೌತಮಿ ಹಣೆ ಚಚ್ಚಿಕೊಂಡಳು. "ಮತ್ತೆ ಮಗಳನ್ನ ಇಲ್ಲಿ ಬಿಟ್ಟು ನೀವೊಬ್ರೇ ಎಲ್ಲಿರ್ತೀರಿ?"

ಮುದುಕಿ ಮಗಳನ್ನು ಕಿಟಕಿ ಪಕ್ಕದ ಮಂಚದ ಮೇಲೆ ಕೂರಿಸಿ, ಕೋಲೂರಿಕೊಂಡು ನೆಟ್ಟಗೆ ಅಡುಗೆಮನೆಗೆ ನಡೆದು, ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡಳು.

"ಎಪ್ಪತ್ತು ತುಂಬದೋರು ಕೆಲಸಕ್ಕೆ ಸೇರಿ ಇಲ್ಲೇ ಇರ್ಬೋದಲ್ಲ? ಹಿಟ್ಟು ಎಲ್ಲಿಟ್ಟಿದ್ದೀರಿ?"